ತೋಡಿನ ಟರ್ಬೈನ್, ಉದ್ದದ ಎಲ್‌ಟಿ ಲೈನ್, ಕುಣಿಯುವ ಇನ್ವರ್ಟರ್: ಗೇನ್ ಎಲ್ಲಿಂದ ಹಿಡಿಯಬೇಕು? (ಚರ್ಚೆ: ಪ್ರತಿ ಮಾತಿನ ಮೇಲೆ ಬರೆದವರ ಹೆಸರು)

ತೋಡುನೀರು

ಮಡಿಕೇರಿ ತಾಲ್ಲೂಕಿನ ಒಂದು ಕಾಫಿ ತೋಟ. ತೋಡಿನ ನೀರಿಗೆ ಪೆಲ್ಟನ್ ಟರ್ಬೈನ್, ಪರ್ಮನೆಂಟ್ ಮ್ಯಾಗ್ನೆಟ್ ಜನರೇಟರ್, ಡಯೋಡ್ ರೆಕ್ಟಿಫೈಯರ್, ಬೂಸ್ಟ್, 700 ವೋಲ್ಟ್ ಡಿಸಿ ಬಸ್, ಅಲ್ಲಿಂದ 15 ಕಿಲೋವ್ಯಾಟ್ ಮೂರು ಫೇಸ್ ಇನ್ವರ್ಟರ್. ಕಂಟ್ರೋಲ್ ಬೋರ್ಡಿನ ಕೋಡ್ ನಮ್ಮ ಕೈಯಲ್ಲೇ ಇದೆ, ಗೇನ್‌ಗಳನ್ನು (ತಪ್ಪಿಗೆ ಎಷ್ಟು ಬಲವಾಗಿ ಪ್ರತಿಕ್ರಿಯಿಸಬೇಕು ಎಂಬ ಅಂಕಿಗಳನ್ನು) ಬದಲಿಸಬಹುದು.

ವಿವರ: ಸ್ವಿಚಿಂಗ್ 10 ಕಿಲೋಹರ್ಟ್ಸ್, ಸ್ಯಾಂಪ್ಲಿಂಗೂ ಅಷ್ಟೇ. ಎಲ್‌ಸಿಎಲ್ ಫಿಲ್ಟರ್ (ಕಾಯಿಲ್-ಕೆಪಾಸಿಟರ್-ಕಾಯಿಲ್): ಇನ್ವರ್ಟರ್ ಕಡೆ 3 ಮಿಲಿಹೆನ್ರಿ (ಪೌಡರ್ ಕೋರ್), ಲೈನ್ ಕಡೆ 1 ಮಿಲಿಹೆನ್ರಿ, ನಡುವೆ ಸ್ಟಾರ್‌ನಲ್ಲಿ ಫೇಸಿಗೆ 6 ಮೈಕ್ರೋಫ್ಯಾರಡ್, ಡ್ಯಾಂಪಿಂಗ್ ರೆಸಿಸ್ಟರ್ ಇಲ್ಲ. ಕರೆಂಟ್ ಸೆನ್ಸರ್ ಲೈನ್ ಕಡೆಯ ಕಾಯಿಲಿನಲ್ಲಿ. ಡಿಸಿ ಬಸ್‌ನಲ್ಲಿ 2200 ಮೈಕ್ರೋಫ್ಯಾರಡ್, 450 ವೋಲ್ಟಿನ ಎರಡು ಕೆಪಾಸಿಟರ್ ಸೀರೀಸ್‌ನಲ್ಲಿ. ಟಿಸಿ (ಟ್ರಾನ್ಸ್‌ಫಾರ್ಮರ್) 25 ಕೆವಿಎ. ಅಲ್ಲಿಂದ ಟರ್ಬೈನ್ ಮನೆಗೆ 600 ಮೀಟರ್ ಎಲ್‌ಟಿ (ಕಡಿಮೆ ವೋಲ್ಟೇಜ್) ಲೈನ್, ವೀಸೆಲ್ ಎಂಬ ತೆಳು ಕಂಡಕ್ಟರ್.

ತೊಂದರೆ ನಾಲ್ಕು. ಪವರ್ 3 ಕಿಲೋವ್ಯಾಟ್‌ಗಿಂತ ಇಳಿದಾಗ, ಅದೂ ರಾತ್ರಿ ಹೊತ್ತು, ಕಾಯಿಲ್ ಕೀರಲು ಸದ್ದು ಮಾಡುತ್ತದೆ. ವೋಲ್ಟೇಜ್ 250 ದಾಟಿದ ಕೂಡಲೇ ಪವರ್ ಜೋಕಾಲಿ ಆಡುತ್ತದೆ (250ಕ್ಕೆ ಪೂರ್ತಿ, 262ಕ್ಕೆ ಸೊನ್ನೆ ಎಂದು ಇಳಿಸುವ ಲೆಕ್ಕ, ಸೆಕೆಂಡಿಗೊಮ್ಮೆ ಅಪ್‌ಡೇಟ್). ಕರೆಂಟಿನ ಅಲೆಯಲ್ಲಿ ಮೂರನೇ ಹಾರ್ಮೋನಿಕ್ ಇದೆ. ಲೈನ್ ಹೋದಾಗ ಡಿಸಿ ಓವರ್‌ವೋಲ್ಟೇಜ್ ಟ್ರಿಪ್. ಕರೆಂಟ್ ಲೂಪಿನ (ಕರೆಂಟನ್ನು ಅಳೆದು ತಿದ್ದುವ ಸುತ್ತಿನ) ಮುಖ್ಯ ಗೇನ್ ಆದ ಕೆಪಿ ಕಡಿಮೆ ಮಾಡಿದರೆ ಒಂದು ಸರಿಹೋಗಿ ಇನ್ನೊಂದು ಹೆಚ್ಚುತ್ತದೆ.

ಗ್ರಿಡ್‌ಗುಮ್ಮ

ಕೊಡಗಿನ ಲೈನ್ ಅಂದ ಮೇಲೆ ವೀಕ್ ಗ್ರಿಡ್ (ಕರೆಂಟ್ ಬದಲಾದರೆ ವೋಲ್ಟೇಜ್ ಅಲುಗಾಡುವ ಲೈನ್). ಮೊದಲು ಪಿಎಲ್‌ಎಲ್ (ಗ್ರಿಡ್ ಅಲೆಯ ಕೋನವನ್ನು ಹಿಂಬಾಲಿಸುವ ಭಾಗ) ನಿಧಾನ ಮಾಡಿ, ಕೆಪಿಯನ್ನು ಅರ್ಧಕ್ಕೆ ಇಳಿಸಿ. ಮುಕ್ಕಾಲು ತೊಂದರೆ ಅಲ್ಲಿಗೇ ಹೋಗುತ್ತದೆ.

ಫೇಸ್_ಮಾರ್ಜಿನ್

ಹೋಗುವುದಿಲ್ಲ ಸರ್. ವೀಕ್ ಗ್ರಿಡ್ ಎಂದು ಜಪ ಮಾಡುವ ಮೊದಲು ಎಷ್ಟು ವೀಕ್ ಎಂದು ಲೆಕ್ಕ ಹಾಕಬೇಕು.

ವೀಸೆಲ್‌ಗೆ ಕಿಲೋಮೀಟರಿಗೆ ಸುಮಾರು 0.93 ಓಮ್. 600 ಮೀಟರಿಗೆ 0.56 ಓಮ್, ಜೊತೆಗೆ ರಿಯಾಕ್ಟೆನ್ಸ್ 0.21 ಓಮ್. 25 ಕೆವಿಎ ಟಿಸಿಯ ಇಂಪಿಡೆನ್ಸ್ 4.5 ಶೇಕಡಾ ಎಂದಿಟ್ಟುಕೊಂಡರೆ ಎಲ್‌ಟಿ ಕಡೆ ಸುಮಾರು 0.2 ಓಮ್ ರೆಸಿಸ್ಟೆನ್ಸ್, 0.27 ಓಮ್ ರಿಯಾಕ್ಟೆನ್ಸ್. 11 ಕೆವಿ ಲೈನ್ 25 ಕಿಲೋಮೀಟರ್ ಇದ್ದರೂ 433 ವೋಲ್ಟಿಗೆ ಇಳಿಸಿ ನೋಡಿದರೆ 0.02 ಓಮ್ ಆಸುಪಾಸು, ಬಿಟ್ಟುಬಿಡಿ. ಒಟ್ಟು 0.78 ಓಮ್ ರೆಸಿಸ್ಟೆನ್ಸ್, 0.49 ಓಮ್ ರಿಯಾಕ್ಟೆನ್ಸ್. ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ ಸುಮಾರು 187 ಕೆವಿಎ, ಅಂದರೆ ಇನ್ವರ್ಟರಿನ 12 ಪಟ್ಟು. ಪಿಎಲ್‌ಎಲ್ ತನ್ನಿಂದ ತಾನೇ ಕುಣಿಯುವುದು ಈ ಅನುಪಾತ 2-3ಕ್ಕೆ ಇಳಿದಾಗ. 12ರಲ್ಲಿ ಅಲ್ಲ.

ಇಲ್ಲಿನ ಗ್ರಿಡ್‌ನ ಸ್ವಭಾವವೇ ಬೇರೆ: ರಿಯಾಕ್ಟೆನ್ಸ್‌ಗಿಂತ ರೆಸಿಸ್ಟೆನ್ಸ್ ಹೆಚ್ಚು. ಅದರಿಂದ ವೋಲ್ಟೇಜ್ ಏರುತ್ತದೆ. 0.49 ಓಮ್ ಅಂದರೆ 1.56 ಮಿಲಿಹೆನ್ರಿ, ಅದು ನಿಮ್ಮ ಲೈನ್ ಕಡೆಯ ಕಾಯಿಲ್‌ಗಿಂತ ದೊಡ್ಡದು. ಫಿಲ್ಟರ್ ಲೆಕ್ಕ ಹಾಕಿದವರು ಇದನ್ನು ಸೇರಿಸಿಯೇ ಇಲ್ಲ.

ಕೆಪಿ ಮುಟ್ಟುವ ಮೊದಲು ಕುಣಿತದ ಫ್ರೀಕ್ವೆನ್ಸಿ ಅಳೆಯಿರಿ. ಯಾವ ಲೂಪ್ ಎಂಬುದನ್ನು ಅದೇ ಹೇಳುತ್ತದೆ. ಕಿಲೋಹರ್ಟ್ಸ್ ಲೆಕ್ಕದಲ್ಲಿದ್ದರೆ ಫಿಲ್ಟರ್ ರೆಸೊನೆನ್ಸ್ (ಫಿಲ್ಟರ್ ತಾನಾಗಿ ಮಿಡಿಯುವ ಫ್ರೀಕ್ವೆನ್ಸಿ) ಮತ್ತು ಡಿಲೇ. ಕೆಲವು ನೂರು ಹರ್ಟ್ಸ್ ಆದರೆ ಕರೆಂಟ್ ಲೂಪಿನ ಗೇನ್. ಸರಿಯಾಗಿ 100 ಆದರೆ ಫೇಸ್‌ಗಳ ಅಸಮತೋಲನ. ಹತ್ತಿಪ್ಪತ್ತು ಹರ್ಟ್ಸ್ ಆದರೆ ಡಿಸಿ ಬಸ್ ಲೂಪ್ ಅಥವಾ ಪಿಎಲ್‌ಎಲ್. ಒಂದು ಹರ್ಟ್ಸ್‌ಗಿಂತ ಕಡಿಮೆ ಇದ್ದರೆ ಹೊರಗಿನ ಲೆಕ್ಕಗಳು: ವೋಲ್ಟ್-ವ್ಯಾಟ್ (ವೋಲ್ಟೇಜ್ ಏರಿದರೆ ಪವರ್ ಇಳಿಸುವುದು), ಎಂಪಿಪಿಟಿ (ಹೆಚ್ಚು ಪವರ್ ಸಿಗುವ ಬಿಂದು ಹುಡುಕುವುದು), ಇಲ್ಲವೇ ನೀರಿನ ನಾಝಲ್.

ಕೀರಲು ಸದ್ದಿನ ಫ್ರೀಕ್ವೆನ್ಸಿ ಕಳಿಸಿ. ಸ್ಕೋಪನ್ನು 2 ಮಿಲಿಸೆಕೆಂಡ್ ಡಿವಿಷನ್‌ಗೆ ಇಟ್ಟು ಅಲೆಗಳನ್ನು ಎಣಿಸಿ. ನಿಧಾನದ ಟೈಮ್‌ಬೇಸ್‌ನಲ್ಲಿ ಮೆಮೊರಿ ಸಾಲದೆ ಅಲಿಯಾಸ್ ಆದ ಸುಳ್ಳು ಅಲೆ ಕಾಣುತ್ತದೆ.

ತೋಡುನೀರು

1.65ರಿಂದ 1.7 ಕಿಲೋಹರ್ಟ್ಸ್ ನಡುವೆ. 50 ಹರ್ಟ್ಸ್ ಅಲೆಯ ಮೇಲೆ ಸಣ್ಣ ಗರಗಸದ ಹಲ್ಲಿನಂತೆ ಕೂತಿದೆ, ನೆತ್ತಿಯ ಹತ್ತಿರ ತೆಳು, ಸೊನ್ನೆ ದಾಟುವ ಕಡೆ ದಪ್ಪ.

ಫೇಸ್_ಮಾರ್ಜಿನ್

ಹಾಗಾದರೆ ಅನುಮಾನವೇ ಬೇಡ. ಸ್ಯಾಂಪ್ಲಿಂಗಿನ ಆರನೇ ಒಂದು ಭಾಗ, ಅಂದರೆ 10 ಕಿಲೋಹರ್ಟ್ಸ್‌ಗೆ 1667 ಹರ್ಟ್ಸ್, ಇದೇ ಗಡಿ. ಲೈನ್ ಕಡೆಯ ಕರೆಂಟ್ ಫೀಡ್‌ಬ್ಯಾಕ್‌ಗೆ ರೆಸೊನೆನ್ಸ್ ಈ ಗಡಿಯ ಮೇಲಿದ್ದರೆ ಡ್ಯಾಂಪಿಂಗ್ ಇಲ್ಲದೆಯೂ ನಿಲ್ಲುತ್ತದೆ, ಕೆಳಗಿಳಿದರೆ ಕುಣಿಯುತ್ತದೆ. ಇನ್ವರ್ಟರ್ ಕಡೆಯ ಫೀಡ್‌ಬ್ಯಾಕ್‌ಗೆ ಸರಿಯಾಗಿ ಇದರ ತಿರುಗುಮುರುಗು.

ನಿಮ್ಮ ಫಿಲ್ಟರ್ ಗಟ್ಟಿ ಗ್ರಿಡ್‌ನಲ್ಲಿ 2372 ಹರ್ಟ್ಸ್. ಲ್ಯಾಬ್ ಬೆಂಚಿನ ಮೇಲೆ ಚೆನ್ನಾಗಿಯೇ ನಡೆದಿರುತ್ತದೆ. ತೋಟದ ಲೈನಿನ 1.56 ಮಿಲಿಹೆನ್ರಿ ಸೇರಿದ ಮೇಲೆ 1748 ಹರ್ಟ್ಸ್. ಕೆಪಾಸಿಟರ್ 10 ಶೇಕಡಾ ಹೆಚ್ಚಿದ್ದರೆ ನೇರ 1667ಕ್ಕೇ ಬಂದು ಕೂರುತ್ತದೆ. ಪೌಡರ್ ಕೋರಿನ ಇಂಡಕ್ಟೆನ್ಸ್ ಕರೆಂಟ್ ಕಡಿಮೆಯಾದಾಗ ಹೆಚ್ಚುತ್ತದೆ, ರೆಸೊನೆನ್ಸ್ ಇನ್ನೂ ಇಳಿಯುತ್ತದೆ. 3 ಕಿಲೋವ್ಯಾಟ್ ಕೆಳಗೆ ಸದ್ದು ಬರುವುದಕ್ಕೂ, ಹಲ್ಲು ಸೊನ್ನೆಯ ಹತ್ತಿರ ದಪ್ಪವಾಗುವುದಕ್ಕೂ ಕಾರಣ ಇದೇ. ರಾತ್ರಿ ಕಾರ್ಮಿಕರ ಲೈನ್ ಮನೆಗಳ ಲೋಡ್ ಇಲ್ಲ, ಅಲೆಯನ್ನು ತಿನ್ನುವ ರೆಸಿಸ್ಟೆನ್ಸ್ ಇಲ್ಲ, ಹಾಗಾಗಿ ರಾತ್ರಿ ಹೆಚ್ಚು.

ಮೊದಲು ಮಾಡಬೇಕಾದ್ದು ಪ್ರತಿ ಕೆಪಾಸಿಟರಿಗೆ ಸೀರೀಸ್‌ನಲ್ಲಿ 5 ಓಮ್. ರೆಸೊನೆನ್ಸ್‌ನಲ್ಲಿ ಕೆಪಾಸಿಟರಿನ ಇಂಪಿಡೆನ್ಸ್‌ನ ಮೂರನೇ ಒಂದು ಭಾಗ ಎಂಬ ಲೆಕ್ಕ ಅದು. ಸಾಮಾನ್ಯ ಸ್ಥಿತಿಯಲ್ಲಿ ಬಿಸಿ ಕೆಲವೇ ವ್ಯಾಟ್, ಆದರೂ ಅಲ್ಯೂಮಿನಿಯಂ ಕವಚದ 50 ವ್ಯಾಟಿನದ್ದೇ ಹಾಕಿ. ಇನ್ವರ್ಟರ್ ಕುಣಿಯತೊಡಗಿದರೆ 10 ವ್ಯಾಟಿನದು ಮೊದಲು ಸುಟ್ಟು ಓಪನ್ ಆಗುತ್ತದೆ. ಆಮೇಲೆ ಕೆಪಾಸಿಟರೇ ಇಲ್ಲದ ಫಿಲ್ಟರ್ ಉಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಎರಡನೆಯದು ಕೋಡಿನಲ್ಲಿ. ಕ್ಯಾರಿಯರ್‌ನ (ಸ್ವಿಚಿಂಗ್ ಕಾಲ ನಿರ್ಧರಿಸುವ ತ್ರಿಕೋನ ಅಲೆಯ) ಮೇಲಿನ ತುದಿ, ಕೆಳಗಿನ ತುದಿ ಎರಡರಲ್ಲೂ ಸ್ಯಾಂಪಲ್ ಮಾಡಿ ಡ್ಯೂಟಿ (ಸ್ವಿಚ್ ಆನ್ ಇರುವ ಪಾಲು) ಅಪ್‌ಡೇಟ್ ಮಾಡಿ. ಸ್ವಿಚಿಂಗ್ 10 ಕಿಲೋಹರ್ಟ್ಸ್ ಆಗಿಯೇ ಇರುತ್ತದೆ, ಸ್ಯಾಂಪ್ಲಿಂಗ್ 20 ಆಗುತ್ತದೆ, ಗಡಿ 3333ಕ್ಕೆ ಏರುತ್ತದೆ. ಸೆನ್ಸರನ್ನು ಇನ್ವರ್ಟರ್ ಕಡೆಯ ಕಾಯಿಲಿಗೆ ಸರಿಸಿ. ಆಗ, ಬೇರೆ ಡಿಲೇ ಸೇರದಿದ್ದರೆ, 1748 ಆಗಲಿ 2372 ಆಗಲಿ ಎರಡೂ ಗಡಿಯ ಕೆಳಗೆ, ಸುರಕ್ಷಿತ ಕಡೆ. ಸೆನ್ಸರ್ ಸರಿಸದೆ ಬರೀ ಸ್ಯಾಂಪ್ಲಿಂಗ್ ಏರಿಸಿದರೆ ಮಾತ್ರ ಈಗಿನದಕ್ಕಿಂತ ಕೆಟ್ಟದಾಗುತ್ತದೆ, ಎರಡೂ ಒಟ್ಟಿಗೆ ಆಗಬೇಕು.

ಡೆಡ್‌ಟೈಮ್

ಸೆನ್ಸರ್ ಸರಿಸಿದ ಮೇಲೆ ಕೆಪಾಸಿಟರಿನ ಕರೆಂಟು ಲೆಕ್ಕಕ್ಕೆ ಬರುತ್ತದೆ. 240 ವೋಲ್ಟಿಗೆ 6 ಮೈಕ್ರೋಫ್ಯಾರಡ್ ಎಂದರೆ 0.45 ಆಂಪಿಯರ್. ಕ್ಯೂ ಆಕ್ಸಿಸ್ (ರಿಯಾಕ್ಟಿವ್ ಕರೆಂಟಿನ) ರೆಫರೆನ್ಸ್‌ನಲ್ಲಿ ಪೀಕ್ 0.64 ಆಂಪಿಯರ್ ಸರಿದೂಗಿಸಿ, ಇಲ್ಲದಿದ್ದರೆ ಪವರ್ ಫ್ಯಾಕ್ಟರ್ ಕಡಿಮೆ ಲೋಡ್‌ನಲ್ಲಿ ಹಾಳು.

ಇನ್ನೊಂದು: ಸೆನ್ಸರ್ ಮತ್ತು ಎಡಿಸಿ (ಅಳತೆಯನ್ನು ಅಂಕಿಯಾಗಿಸುವ ಭಾಗ) ನಡುವೆ ಆರ್‌ಸಿ ಫಿಲ್ಟರ್ ಎಷ್ಟಿದೆ ನೋಡಿ. 3 ಕಿಲೋಹರ್ಟ್ಸ್ ಕಟಾಫ್ ಇದ್ದರೆ 53 ಮೈಕ್ರೋಸೆಕೆಂಡ್ ಡಿಲೇ ಅಲ್ಲೇ ಹೋಯಿತು. ಅದನ್ನು ಬಿಟ್ಟು ಗೇನ್ ಲೆಕ್ಕ ಹಾಕಿದವರ ಫೇಸ್ ಮಾರ್ಜಿನ್ (ಲೂಪ್ ಕುಣಿಯುವ ಮೊದಲು ಉಳಿದಿರುವ ಅಂತರ) ಕಾಗದದ ಮೇಲೆ ಮಾತ್ರ.

ತೋಡುನೀರು

ಆರ್‌ಸಿ 3 ಕಿಲೋಹರ್ಟ್ಸೇ ಇದೆ. ಹಾಗಾದರೆ ಕರೆಂಟ್ ಲೂಪಿಗೆ ಎಷ್ಟು ಇಡಲಿ?

ಫೇಸ್_ಮಾರ್ಜಿನ್

ಕ್ರಾಸ್‌ಓವರ್ (ಲೂಪಿನ ಹಿಡಿತ ಎಷ್ಟು ಫ್ರೀಕ್ವೆನ್ಸಿವರೆಗೆ ಎಂಬುದು) 500 ಹರ್ಟ್ಸ್ ಹಿಡಿಯಿರಿ, ಅಂದರೆ ಸೆಕೆಂಡಿಗೆ 3142 ರೇಡಿಯನ್. ಕೆಪಿ = 3142 × 0.004 = 12.6 ವೋಲ್ಟ್ ಪ್ರತಿ ಆಂಪಿಯರಿಗೆ. ಇಲ್ಲಿ ಫಿಲ್ಟರಿನ 4 ಮಿಲಿಹೆನ್ರಿ ಮಾತ್ರ ತೆಗೆದುಕೊಂಡೆ, ಲೈನಿನದ್ದು ಸೇರಿಸಲಿಲ್ಲ. ಲೈನ್ ಸೇರಿದಾಗ ಕ್ರಾಸ್‌ಓವರ್ ತಾನಾಗಿ 360 ಹರ್ಟ್ಸ್‌ಗೆ ಇಳಿಯುತ್ತದೆ, ಸ್ವಲ್ಪ ನಿಧಾನ ಆದರೆ ಭದ್ರ. ಲೈನನ್ನೂ ಸೇರಿಸಿ ಕೆಪಿ ಏರಿಸಿದರೆ ನಾಳೆ ಟಿಸಿ 63 ಕೆವಿಎ ಆದಾಗ ಅದೇ ಗೇನ್ ಹೆಚ್ಚಾಗುತ್ತದೆ. ಕರೆಂಟ್ ಲೂಪನ್ನು ಯಾವತ್ತೂ ಗಟ್ಟಿ ಗ್ರಿಡ್‌ಗೆ ಟ್ಯೂನ್ ಮಾಡಿ, ರೆಸೊನೆನ್ಸನ್ನು ಎರಡೂ ತುದಿಗೆ ಪರೀಕ್ಷಿಸಿ.

ಕೆಐ (ಕೂಡುತ್ತಾ ಬಂದ ತಪ್ಪಿನ ಗೇನ್; ಕೆಪಿ, ಕೆಐ ಸೇರಿದರೆ ಪಿಐ): ಟೈಮ್ ಕಾನ್‌ಸ್ಟಂಟ್ 3.2 ಮಿಲಿಸೆಕೆಂಡ್ ಇಟ್ಟರೆ 12.6 / 0.0032, ಸುಮಾರು 3950. ಡಿಲೇ 75 (20 ಕಿಲೋಹರ್ಟ್ಸ್‌ನ ಒಂದೂವರೆ ಸ್ಯಾಂಪಲ್) + 53 (ಆರ್‌ಸಿ) = 128 ಮೈಕ್ರೋಸೆಕೆಂಡ್, ಅದರಿಂದ 23 ಡಿಗ್ರಿ ನಷ್ಟ, ಪಿಐನಿಂದ ಇನ್ನೊಂದು 6 ಡಿಗ್ರಿ. ಉಳಿಯುವ ಫೇಸ್ ಮಾರ್ಜಿನ್ 61 ಡಿಗ್ರಿ. ಈಗಿನ ಸಿಂಗಲ್ ಅಪ್‌ಡೇಟ್‌ನಲ್ಲೇ ಇಟ್ಟರೆ 203 ಮೈಕ್ರೋಸೆಕೆಂಡ್, 48 ಡಿಗ್ರಿಗೆ ಇಳಿಯುತ್ತದೆ.

ಯೂನಿಟ್ ವಿಷಯದಲ್ಲಿ ಜೋಪಾನ. ನಿಮ್ಮ ಪಿಐ ಔಟ್‌ಪುಟ್ ವೋಲ್ಟ್ ಅಲ್ಲದೆ ಮಾಡ್ಯುಲೇಷನ್ ಇಂಡೆಕ್ಸ್ ಆಗಿದ್ದರೆ 350ರಿಂದ ಭಾಗಿಸಿ, ಕೆಪಿ 0.036 ಆಗುತ್ತದೆ. ಕರೆಂಟೂ ಪರ್ ಯೂನಿಟ್‌ನಲ್ಲಿದ್ದರೆ (ಬೇಸ್ 29.5 ಆಂಪಿಯರ್ ಪೀಕ್) 1.06. ಒಂದೇ ಗೇನ್, ಮೂರು ಅಂಕಿ. ಇನ್ನೊಬ್ಬರ ಗೇನ್ ನಕಲು ಮಾಡುವವರು ಬೀಳುವ ಗುಂಡಿ ಇದೇ. ಸ್ಯಾಂಪ್ಲಿಂಗ್ ದುಪ್ಪಟ್ಟಾದಾಗ ಕೆಐ × ಟಿಎಸ್ (ಸ್ಯಾಂಪ್ಲಿಂಗ್ ಅವಧಿ) ಗುಣಲಬ್ಧವನ್ನು ಅರ್ಧ ಮಾಡುವುದನ್ನೂ ಮರೆಯಬೇಡಿ: 0.395 ಇದ್ದದ್ದು 0.198 ಆಗುತ್ತದೆ.

ಪೊನ್ನಂಪೇಟೆ_ಪಿಇ

ಗ್ರಿಡ್‌ಗೆ ಹಚ್ಚಿ ಗೇನ್ ನೋಡಬೇಡಿ. ಔಟ್‌ಪುಟ್‌ನ ಮೂರು ಫೇಸನ್ನೂ ಲೈನ್ ಕಡೆಯ ಕಾಯಿಲ್ ಆದ ಮೇಲೆ ಶಾರ್ಟ್ ಮಾಡಿ, ಡಿಸಿ ಬಸ್‌ಗೆ ಕರೆಂಟ್ ಲಿಮಿಟ್ ಇರುವ ಬೆಂಚ್ ಸಪ್ಲೈಯಿಂದ 60 ವೋಲ್ಟ್ ಕೊಡಿ, ಪಿಎಲ್‌ಎಲ್ ಬದಲು ಕೋಡಿನಲ್ಲೇ 50 ಹರ್ಟ್ಸ್ ಕೋನ ಓಡಿಸಿ. ಡಿ ಆಕ್ಸಿಸ್ (ಪವರ್ ಕೊಡುವ ಕರೆಂಟಿನ) ರೆಫರೆನ್ಸನ್ನು 5ರಿಂದ 10 ಆಂಪಿಯರಿಗೆ ಜಿಗಿಸಿ. ಒಂದು ಮಿಲಿಸೆಕೆಂಡಿನಲ್ಲಿ ತಲುಪಿ 15-20 ಶೇಕಡಾ ಒಳಗೆ ಓವರ್‌ಶೂಟ್ ಇದ್ದರೆ ಸಾಕು. ಸೆನ್ಸರ್ ದಿಕ್ಕು ತಿರುಗಿದ್ದರೆ, ಫೇಸ್ ಅದಲುಬದಲಾಗಿದ್ದರೆ ಎಲ್ಲ ಇಲ್ಲೇ ಗೊತ್ತಾಗುತ್ತದೆ, ಐಜಿಬಿಟಿ (ಇನ್ವರ್ಟರಿನ ಸ್ವಿಚ್) ಸುಡದೆ. ಪಿಐ ವೋಲ್ಟ್ ಲೆಕ್ಕದಲ್ಲಿದ್ದರೆ ಮಾಡ್ಯುಲೇಷನ್‌ಗೆ ಭಾಗಿಸುವ ಡಿಸಿ ವೋಲ್ಟೇಜ್ ಅಳೆದದ್ದೇ ಆಗಿರಬೇಕು, 700 ಎಂದು ಬರೆದಿಟ್ಟಿದ್ದರೆ 60 ವೋಲ್ಟಿನಲ್ಲಿ ಗೇನ್ ಹನ್ನೊಂದನೇ ಒಂದು ಭಾಗಕ್ಕಿಂತಲೂ ಕಡಿಮೆ ಕಾಣುತ್ತದೆ.

ಲೈನ್ ಇಂಪಿಡೆನ್ಸನ್ನೂ ಲೆಕ್ಕಕ್ಕೆ ಬಿಡದೆ ಅಳೆಯಿರಿ. ಫೇಸಿಗೆ 3 ಕಿಲೋವ್ಯಾಟ್‌ನಂತೆ 9 ಕಿಲೋವ್ಯಾಟ್ ಹೀಟರ್ ಹಚ್ಚಿದಾಗ ಫೇಸ್ ವೋಲ್ಟೇಜ್ ಸುಮಾರು 10 ವೋಲ್ಟ್ ಇಳಿದರೆ ಮೇಲಿನ 0.78 ಓಮ್ ನಿಜ. ಒಂದೇ ಫೇಸಿಗೆ ಹೀಟರ್ ಹಚ್ಚಿ ಅಳೆದರೆ ನ್ಯೂಟ್ರಲ್ ತಂತಿಯ ರೆಸಿಸ್ಟೆನ್ಸೂ ಸೇರಿ ಹೆಚ್ಚು ತೋರಿಸುತ್ತದೆ. ರಿಯಾಕ್ಟೆನ್ಸ್‌ಗೆ ಪಂಪ್ ಸೆಟ್ಟಿನ 5 ಕೆವಿಎಆರ್ ಕೆಪಾಸಿಟರ್ ಸಾಕು: ಹಚ್ಚಿದಾಗ 3.4 ವೋಲ್ಟ್ ಏರಬೇಕು.

ಗ್ರಿಡ್‌ಗುಮ್ಮ

ಸರಿ, ಕೀರಲು ಸದ್ದಿಗೆ ಪಿಎಲ್‌ಎಲ್ ಕಾರಣವಲ್ಲ, ಒಪ್ಪಿದೆ. ಮೂರನೇ ಹಾರ್ಮೋನಿಕ್? ಮೂರು ವೈರಿನ ಇನ್ವರ್ಟರಿನಲ್ಲಿ ಅದು ಬರಲೇಬಾರದಲ್ಲ?

ಡೆಡ್‌ಟೈಮ್

ಅದಕ್ಕೆ ಮಾತ್ರ ನಿಮ್ಮ ಪಿಎಲ್‌ಎಲ್ಲೇ ಕಳ್ಳ. ನ್ಯೂಟ್ರಲ್‌ನಲ್ಲಿ ಸೇರುವ ಮೂರನೇ ಹಾರ್ಮೋನಿಕ್ ಬರುವುದಿಲ್ಲ ನಿಜ. ಆದರೆ ತೋಟದ ಎಲ್‌ಟಿ ಲೈನಿನಲ್ಲಿ ಒಂದು ಫೇಸಿಗೆ ಗೀಸರ್‌ಗಳೆಲ್ಲ, ಇನ್ನೊಂದಕ್ಕೆ ನಾಲ್ಕು ಬಲ್ಬು. ಈ ಅಸಮತೋಲನದಿಂದ ಪಿಎಲ್‌ಎಲ್ ಒಳಗೆ 100 ಹರ್ಟ್ಸ್ ಅಲೆ ಹುಟ್ಟುತ್ತದೆ, ಕೋನ ನಡುಗುತ್ತದೆ, ಆ ನಡುಕ 150 ಹರ್ಟ್ಸ್ ಪಾಸಿಟಿವ್ ಸೀಕ್ವೆನ್ಸ್ (ಮೂರು ಫೇಸಿನಲ್ಲಿ ಸರದಿಯಂತೆ ಸುತ್ತುವ) ಕರೆಂಟಾಗಿ ಹೊರಬರುತ್ತದೆ. ಅದಕ್ಕೆ ನ್ಯೂಟ್ರಲ್ ಬೇಕಿಲ್ಲ.

ಪಿಎಲ್‌ಎಲ್‌ನ ನ್ಯಾಚುರಲ್ ಫ್ರೀಕ್ವೆನ್ಸಿ 50 ಹರ್ಟ್ಸ್ ಇದ್ದು 5 ಶೇಕಡಾ ನೆಗೆಟಿವ್ ಸೀಕ್ವೆನ್ಸ್ (ಅಸಮತೋಲನದಿಂದ ಬರುವ, ಉಲ್ಟಾ ಸುತ್ತುವ ವೋಲ್ಟೇಜ್) ಇದ್ದರೆ 1.8 ಶೇಕಡಾ ಮೂರನೇ ಹಾರ್ಮೋನಿಕ್. 20 ಹರ್ಟ್ಸ್‌ಗೆ ಇಳಿಸಿದರೆ 0.7. ವೋಲ್ಟೇಜನ್ನು ಪೀಕ್‌ನಿಂದ ಭಾಗಿಸಿ ಕೊಡುತ್ತಿದ್ದರೆ 20 ಹರ್ಟ್ಸ್‌ಗೆ ಕೆಪಿ 178, ಕೆಐ 15,800. ಭಾಗಿಸದೆ ಕೊಡುತ್ತಿದ್ದರೆ ಎರಡನ್ನೂ 339ರಿಂದ ಭಾಗಿಸಿ. ಇದಕ್ಕೂ ಕೆಳಗೆ 8 ಹರ್ಟ್ಸ್‌ವರೆಗೆ ಎಳೆಯಬೇಡಿ. ಆಗ ಪಿಎಲ್‌ಎಲ್ ನಿಲ್ಲಲು 130 ಮಿಲಿಸೆಕೆಂಡ್ ಬೇಕು, ಫ್ರೀಕ್ವೆನ್ಸಿ ಟ್ರಿಪ್‌ಗೆ ಇರುವುದೇ 0.2 ಸೆಕೆಂಡ್. ಇನ್ನೂ ಶುದ್ಧ ಬೇಕೆಂದರೆ 100 ಹರ್ಟ್ಸ್ ಮಾತ್ರ ತಡೆಯುವ ನಾಚ್ ಫಿಲ್ಟರ್ ಹಾಕಿ.

ಹಾಗೆಯೇ ಡೆಡ್‌ಟೈಮ್ (ಮೇಲಿನ, ಕೆಳಗಿನ ಸ್ವಿಚ್ ಎರಡೂ ಆಫ್ ಇರುವ ಕ್ಷಣ) 2.5 ಮೈಕ್ರೋಸೆಕೆಂಡ್ ಅಂದರೆ 17.5 ವೋಲ್ಟ್ ತಪ್ಪು, 5 ಮತ್ತು 7ನೇ ಹಾರ್ಮೋನಿಕ್ ಅಲ್ಲಿಂದ. ಸರಿದೂಗಿಸುವಾಗ 80 ಶೇಕಡಾಕ್ಕೆ ನಿಲ್ಲಿಸಿ. ಪೂರ್ತಿ ಮಾಡಲು ಹೋದರೆ ಸೊನ್ನೆ ದಾಟುವಲ್ಲಿ ಕರೆಂಟಿನ ದಿಕ್ಕು ತಪ್ಪಾಗಿ ಓದಿ ತಡವರಿಸುತ್ತದೆ.

ಕಣದಮನೆ

ಜೋಕಾಲಿ ಬಗ್ಗೆ ಯಾರೂ ಹೇಳಲಿಲ್ಲ. ಅದರ ಅವಧಿ 2 ಸೆಕೆಂಡ್ ಇರಬೇಕು, ಅಲ್ಲವೇ?

ತೋಡುನೀರು

ಹೌದು, ಸರಿಯಾಗಿ 2. ಒಂದು ಸೆಕೆಂಡ್ 12 ಕಿಲೋವ್ಯಾಟ್, ಮುಂದಿನ ಸೆಕೆಂಡ್ 2-3.

ಕಣದಮನೆ

ಅಪ್‌ಡೇಟ್ ಒಂದು ಸೆಕೆಂಡ್, ಕುಣಿತ ಎರಡು ಸೆಕೆಂಡ್. ಇದು ಲೂಪ್ ಗೇನ್ ಒಂದನ್ನು ದಾಟಿದ ಗುರುತು. 12 ವೋಲ್ಟಿನಲ್ಲಿ 15 ಕಿಲೋವ್ಯಾಟ್ ಇಳಿಸುತ್ತೀರಿ, ವೋಲ್ಟಿಗೆ 1.25 ಕಿಲೋವ್ಯಾಟ್. ಲೈನ್ 0.78 ಓಮ್, 20.9 ಆಂಪಿಯರಿಗೆ 16.3 ವೋಲ್ಟ್ ಏರಿಕೆ, ಕಿಲೋವ್ಯಾಟಿಗೆ 1.09 ವೋಲ್ಟ್. ಗುಣಿಸಿದರೆ 1.36. ಪ್ರತಿ ಸುತ್ತಿನಲ್ಲೂ ತಪ್ಪು 1.36 ಪಟ್ಟು ಬೆಳೆದು ಮೇಲಿನ ಕೆಳಗಿನ ಮಿತಿಗೆ ಬಡಿಯುತ್ತದೆ.

ಹೊಸ ಲೆಕ್ಕವನ್ನು ನೇರ ಹಾಕಬೇಡಿ. ಹಳೆಯ ಪವರಿಗೆ ವ್ಯತ್ಯಾಸದ ಒಂದು ಪಾಲು ಮಾತ್ರ ಸೇರಿಸಿ. ಆ ಪಾಲು 0.84 ದಾಟಿದರೆ ಕುಣಿತ, 0.42 ಒಳಗಿದ್ದರೆ ಓವರ್‌ಶೂಟ್ ಇಲ್ಲ. ಮೀಟರಿನ ಸರಾಸರಿ ಡಿಲೇ ಇರುವುದರಿಂದ 0.1 ಇಡಿ. ಹತ್ತು ಸೆಕೆಂಡ್ ಹಿಡಿದರೆ ನಷ್ಟವೇನಿಲ್ಲ. ಅಷ್ಟರಲ್ಲಿ 264 ತಲುಪಿದರೆ ಟ್ರಿಪ್ ಇದ್ದೇ ಇದೆ: ವೋಲ್ಟೇಜ್ 80 ಶೇಕಡಾಕ್ಕಿಂತ ಕೆಳಗೆ ಅಥವಾ 110 ಶೇಕಡಾಕ್ಕಿಂತ ಮೇಲೆ ಹೋದರೆ ಎರಡು ಸೆಕೆಂಡಿನೊಳಗೆ ಬಿಡಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮ. 240ರ ಮೇಲೆ ಲೆಕ್ಕ ಹಾಕಿದರೆ 264, 230 ಹಿಡಿದರೆ 253. ನಿಮ್ಮ ಸಂಪರ್ಕದ ಕಾಗದದಲ್ಲಿ ಯಾವುದಿದೆ ನೋಡಿಕೊಳ್ಳಿ, 253 ಆದರೆ ನಿಮ್ಮ 250-262ರ ಇಳಿಜಾರಿಗೆ ಅರ್ಥವೇ ಇಲ್ಲ, 241ರಿಂದಲೇ ಇಳಿಸಬೇಕಾಗುತ್ತದೆ.

ಗ್ರಿಡ್‌ಗುಮ್ಮ

ರಿಯಾಕ್ಟಿವ್ ಎಳೆದರೆ? ಪವರ್ ಫ್ಯಾಕ್ಟರ್ 0.9ಕ್ಕೆ ಇಟ್ಟು ವೋಲ್ಟೇಜ್ ಇಳಿಸಬಹುದಲ್ಲ, ನೀರು ದಂಡವಾಗುವುದಿಲ್ಲ.

ಕಣದಮನೆ

0.9ಕ್ಕೆ 7.3 ಕೆವಿಎಆರ್. ಫೇಸಿಗೆ 5 ವೋಲ್ಟ್ ಇಳಿಯುತ್ತದೆ, ಏರಿದ್ದು 16. ಕರೆಂಟು 11 ಶೇಕಡಾ ಹೆಚ್ಚಿ ಅದೇ ತಂತಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಈ ಲೈನಿನಲ್ಲಿ ರಿಯಾಕ್ಟಿವ್ ದುಬಾರಿ. ವೀಸೆಲ್ ಬಿಚ್ಚಿ ಅದಕ್ಕಿಂತ ದಪ್ಪದ ರ್‍ಯಾಬಿಟ್ ಕಂಡಕ್ಟರ್ ಎಳೆಸಿದರೆ ಕಿಲೋಮೀಟರಿಗೆ 0.55 ಓಮ್‌ಗೆ ಇಳಿದು ಏರಿಕೆ 11-12 ವೋಲ್ಟಿಗೆ ಬರುತ್ತದೆ. ಯಾವ ಗೇನೂ ಆ ಕೆಲಸ ಮಾಡುವುದಿಲ್ಲ.

ಪೊನ್ನಂಪೇಟೆ_ಪಿಇ

ಡಿಸಿ ಟ್ರಿಪ್ ಬಗ್ಗೆ. 2200ರ ಎರಡು ಸೀರೀಸ್‌ನಲ್ಲಿರುವುದರಿಂದ ಬಸ್ 1100 ಮೈಕ್ರೋಫ್ಯಾರಡ್. 700ರಿಂದ 800ಕ್ಕೆ ಏರಲು 82 ಜೂಲ್ ಸಾಕು, 15 ಕಿಲೋವ್ಯಾಟ್ ಒಳಬರುತ್ತಿದ್ದರೆ 5.5 ಮಿಲಿಸೆಕೆಂಡ್. ಯಾವ ವೋಲ್ಟೇಜ್ ಲೂಪೂ ಇದನ್ನು ಹಿಡಿಯಲಾರದು, ಏಕೆಂದರೆ ಗ್ರಿಡ್ಡೇ ಇಲ್ಲದ ಮೇಲೆ ಪವರ್ ಕಳಿಸುವುದು ಎಲ್ಲಿಗೆ? ಡಿಸಿ ಲೂಪಿನ ಕ್ರಾಸ್‌ಓವರ್ 15 ಹರ್ಟ್ಸ್ ಇರಲಿ (ಕೆಪಿ 0.14 ಆಂಪಿಯರ್ ಪ್ರತಿ ವೋಲ್ಟಿಗೆ, ಕೆಐ 3.4), ಅದಕ್ಕಿಂತ ಏರಿಸಿದರೆ 100 ಹರ್ಟ್ಸ್ ರಿಪಲ್ ಕರೆಂಟ್ ರೆಫರೆನ್ಸಿಗೆ ನುಗ್ಗಿ ಮತ್ತೆ ಮೂರನೇ ಹಾರ್ಮೋನಿಕ್.

ಬೇಕಾದ್ದು ಬ್ರೇಕ್ ಚಾಪರ್, ಅಂದರೆ ಹೆಚ್ಚಾದ ಪವರನ್ನು ರೆಸಿಸ್ಟರಿಗೆ ಸುರಿಯುವ ಸ್ವಿಚ್. 760 ವೋಲ್ಟಿಗೆ ಆನ್, 740ಕ್ಕೆ ಆಫ್, ಡಿಎಸ್‌ಪಿ (ಕಂಟ್ರೋಲ್ ಚಿಪ್) ಕೋಡನ್ನು ನಂಬದೆ ಕಂಪ್ಯಾರೇಟರ್ ಐಸಿಯಿಂದ ನೇರ ಗೇಟ್ ಡ್ರೈವರಿಗೆ. 1200 ವೋಲ್ಟ್ ಐಜಿಬಿಟಿ, ರೆಸಿಸ್ಟರಿಗೆ ಅಡ್ಡಲಾಗಿ ಫ್ರೀವೀಲ್ ಡಯೋಡ್ ಕಡ್ಡಾಯ, ದೂರದ ವೈರಿಂಗಿನ ಇಂಡಕ್ಟೆನ್ಸೇ ಐಜಿಬಿಟಿಯನ್ನು ಒಡೆಯುತ್ತದೆ.

ರೆಸಿಸ್ಟರಿಗೆ ಅಂಗಡಿಯಲ್ಲಿ ಸಿಗುವ 230 ವೋಲ್ಟ್, 2 ಕಿಲೋವ್ಯಾಟ್ ವಾಟರ್ ಹೀಟರ್ ಎಲಿಮೆಂಟ್ ಒಳ್ಳೆಯದು. ತಲಾ 26.5 ಓಮ್. ನಾಲ್ಕು ಸೀರೀಸ್‌ನಲ್ಲಿ, ಅಂಥ ಮೂರು ಸಾಲು ಪ್ಯಾರಲಲ್: 35 ಓಮ್. 760 ವೋಲ್ಟಿಗೆ 16 ಕಿಲೋವ್ಯಾಟ್, ಎಲಿಮೆಂಟಿಗೆ 190 ವೋಲ್ಟ್ ಮಾತ್ರ. ಟರ್ಬೈನಿನಿಂದ ಹೊರಬೀಳುವ ನೀರಿನ ತೊಟ್ಟಿಯಲ್ಲಿ ಮುಳುಗಿಸಿಡಿ. ಎಷ್ಟು ಹೊತ್ತು ಬೇಕಾದರೂ ತಡೆಯುತ್ತದೆ. ಇದು ಮುಖ್ಯ, ಏಕೆಂದರೆ ಮಳೆಗಾಲದಲ್ಲಿ ತೋಡು ತುಂಬಿ ಪೂರ್ತಿ ಪವರ್ ಬರುವ ಹೊತ್ತಿಗೇ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬೀಳುವುದು. ಲೈನ್‌ಮನ್ ಟ್ರಯಲ್ ಚಾರ್ಜ್ ಕೊಟ್ಟಾಗಲೆಲ್ಲ ಕರೆಂಟ್ ಬಂದು ಹೋಗುತ್ತಿರುತ್ತದೆ. ಮತ್ತೆ ಸೇರುವ ಮೊದಲು ಗ್ರಿಡ್ 60 ಸೆಕೆಂಡ್ ಸ್ಥಿರವಾಗಿರಬೇಕು, ಅಷ್ಟು ಹೊತ್ತೂ 15 ಕಿಲೋವ್ಯಾಟ್ ಎಲಿಮೆಂಟಿಗೇ ಹೋಗಬೇಕು.

ಡಿಫ್ಲೆಕ್ಟರ್ ಒಂದೆರಡು ಸೆಕೆಂಡಿನಲ್ಲಿ ನೀರಿನ ಧಾರೆಯನ್ನು ತಿರುಗಿಸಲಿ. ನಾಝಲನ್ನು ಮಾತ್ರ ಬೇಗ ಮುಚ್ಚಬೇಡಿ, ಪೈಪಿನಲ್ಲಿ ವಾಟರ್ ಹ್ಯಾಮರ್. ಪೆಲ್ಟನ್ ಲೋಡಿಲ್ಲದೆ ಓಡಿದರೆ ವೇಗ 1.8-2 ಪಟ್ಟು, ಜನರೇಟರ್ ವೋಲ್ಟೇಜೂ ಅಷ್ಟೇ. ಮಾಮೂಲಿ ವೇಗದಲ್ಲಿ ರೆಕ್ಟಿಫೈ ಆದ ಮೇಲೆ 400 ವೋಲ್ಟ್ ಇದ್ದರೆ 800ಕ್ಕೆ ನಿಲ್ಲುತ್ತದೆ. 500 ಇದ್ದರೆ ಬೂಸ್ಟ್ ಆಫ್ ಮಾಡಿದರೂ ಡಯೋಡ್ ಮೂಲಕ 1000 ಹೋಗಿ ನಿಮ್ಮ 900 ವೋಲ್ಟಿನ ಕೆಪಾಸಿಟರ್ ಜೋಡಿ ಸಿಡಿಯುತ್ತದೆ. ಅದಕ್ಕೆ ಜನರೇಟರ್ ಕಡೆಗೇ ಕಾಂಟ್ಯಾಕ್ಟರ್ ಬೇಕು.

ತೋಡುನೀರು

ರೆಕ್ಟಿಫೈಯರ್ ಆದ ಮೇಲೆ 410 ವೋಲ್ಟ್. ಎಲಿಮೆಂಟಿನ ಜೊತೆ ಬರುವ ಥರ್ಮೋಸ್ಟಾಟ್ ಇರಲೋ ತೆಗೆಯಲೋ?

ಪೊನ್ನಂಪೇಟೆ_ಪಿಇ

ತೆಗೆದುಬಿಡಿ. ಅದರ ಕಾಂಟ್ಯಾಕ್ಟ್ ಎಸಿಗೆ ಮಾತ್ರ ಮಾಡಿದ್ದು. 760 ವೋಲ್ಟ್ ಡಿಸಿಯನ್ನು ಕತ್ತರಿಸಲು ಹೋದರೆ ಆರ್ಕ್ ನಿಲ್ಲುವುದೇ ಇಲ್ಲ, ಕರಗಿ ಅಂಟಿಕೊಳ್ಳುತ್ತದೆ ಅಥವಾ ಹೊತ್ತಿಕೊಳ್ಳುತ್ತದೆ. ನೀರಿನ ಮಟ್ಟಕ್ಕೆ ಫ್ಲೋಟ್ ಸ್ವಿಚ್ ಹಾಕಿ ಡಿಫ್ಲೆಕ್ಟರ್ ಕಾಯಿಲಿಗೆ ಜೋಡಿಸಿ: ತೊಟ್ಟಿ ಬರಿದಾದರೆ ಧಾರೆ ತಿರುಗಬೇಕು. ಎಲಿಮೆಂಟಿನ ಕವಚಕ್ಕೆಲ್ಲ ಅರ್ಥಿಂಗ್, ತೊಟ್ಟಿಗೆ ಬೇಲಿ. 410ರ ಎರಡು ಪಟ್ಟು 820, 900ರೊಳಗಿದೆ. ಕೆಪಾಸಿಟರ್ ಜೋಡಿಗೆ ಸಮ ಹಂಚಿಕೆಯ ರೆಸಿಸ್ಟರ್ ತಲಾ 47 ಕಿಲೋಓಮ್, 5 ವ್ಯಾಟ್ ಇದೆಯೇ ಎಂದು ಮಾತ್ರ ಮುಚ್ಚಳ ತೆಗೆದು ನೋಡಿ.